ಆಪತ್ತಿನ ಯೋಜನೆಯಲ್ಲಿ ನಮ್ಮ ಅಡುಗೆಮನೆಗೂ ಜಾಗವಿರಲಿ



ಮಳೆಗಾಲ ಬಂತೆಂದರೆ ಮುಂಬಯಿಯ ಹೋಟೆಲಿಗರಿಗೆ 2005ರ ಜುಲೈ 26 ನೆನಪಾಗದೆ ಇರದು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಪರಿಸರ ಮುಳುಗಿತು. ಲೋಕಲ್ ರೈಲು ನಿಂತಿತು. ಆ ರಾತ್ರಿ ನಮ್ಮಲ್ಲಿ ಅನೇಕರು ಶಟರ್ ಎಳೆಯಲಿಲ್ಲ. ಇದ್ದ ಅಕ್ಕಿ ಬೇಯಿಸಿ, ಇದ್ದ ಹಾಲಿನಲ್ಲಿ ಚಹಾ ಮಾಡಿ ಸಿಕ್ಕಿಬಿದ್ದವರಿಗೆ ಕೊಟ್ಟೆವು. ಬಿಲ್ಲಿನ ಮಾತೇ ಬರಲಿಲ್ಲ.

ಇದನ್ನು ಹೊಗಳಿಕೆಗಾಗಿ ಹೇಳುತ್ತಿಲ್ಲ. ಅದೇ ದಿನ ಕೊಲಾಬಾದಲ್ಲಿ ಬಿದ್ದ ಮಳೆ ಸುಮಾರು 73 ಮಿ.ಮೀ. ಮಾತ್ರ. ಉಪನಗರದಲ್ಲೂ ಎತ್ತರದ ರಸ್ತೆಯ ಹೋಟೆಲಿನಲ್ಲಿ ಒಲೆ ಉರಿಯುತ್ತಿತ್ತು, ತಗ್ಗಿನಲ್ಲಿ ಬಸ್ಸಿನೊಳಗೆ ಜನ ಹಸಿದು ಕುಳಿತಿದ್ದರು. ಅನ್ನವಿತ್ತು, ಹಸಿವೂ ಇತ್ತು. ಇವೆರಡನ್ನು ಜೋಡಿಸುವ ಏರ್ಪಾಡು ಇರಲಿಲ್ಲ.

ಅದೇ ವರ್ಷ ಸಂಸತ್ತು ವಿಪತ್ತು ನಿರ್ವಹಣಾ ಕಾಯಿದೆ ಅಂಗೀಕರಿಸಿತು. ಪ್ರತಿ ಜಿಲ್ಲೆಗೂ ಯೋಜನೆ ಇರಬೇಕೆಂದು ಅದು ಹೇಳುತ್ತದೆ. ತುರ್ತಿನಲ್ಲಿ ಖಾಸಗಿಯವರ ಸಂಪನ್ಮೂಲ, ಕಟ್ಟಡ, ವಾಹನಗಳನ್ನು ಪಡೆಯುವ ಅಧಿಕಾರವೂ 65ನೇ ಕಲಮಿನಲ್ಲಿದೆ. ಹಾಗಿದ್ದ ಮೇಲೆ ಕೊನೆ ಗಳಿಗೆಯಲ್ಲಿ ಬಾಗಿಲು ತಟ್ಟಿಸಿಕೊಳ್ಳುವುದಕ್ಕಿಂತ ಮೊದಲೇ ಮಾತಾಡಿಕೊಳ್ಳುವುದು ಲೇಸಲ್ಲವೇ? 2020ರ ಲಾಕ್‌ಡೌನಿನಲ್ಲಿ ಊಟ ಬೇಯಿಸಲು ಸಿದ್ಧರಿದ್ದೂ ಕೆಲಸಗಾರರ ಪಾಸಿಗಾಗಿ ಅಲೆದದ್ದನ್ನು ನಾವು ಮರೆತಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ವಾರ್ಡ್ ಕಚೇರಿ ಮೇ ತಿಂಗಳೊಳಗೆ ಹೋಟೆಲುಗಳ ಪಟ್ಟಿ ಮಾಡಲಿ. ಎಷ್ಟು ಊಟ ಬೇಯಿಸಬಹುದು, ನೀರಿನ ಟಾಂಕಿ ಎಷ್ಟು ದೊಡ್ಡದು, ಜನರೇಟರ್ ಇದೆಯೇ, ರಾತ್ರಿ ಫೋನು ಎತ್ತುವವರು ಯಾರು ಎಂಬಿಷ್ಟು ವಿವರ ಸಾಕು. ದಿನಸಿಯ ಖರ್ಚು ಯಾರು, ಎಂದಿಗೆ ಕೊಡುತ್ತಾರೆಂಬುದೂ ಬರಹದಲ್ಲಿರಲಿ. ಒಂದು ಹೊತ್ತಿನ ಊಟ ನಮ್ಮ ಧರ್ಮ. ವಾರಗಟ್ಟಲೆ ಊಟ ಚಿಕ್ಕ ಹೋಟೆಲಿಗನನ್ನು ಮುಳುಗಿಸೀತು.

ಆದರೆ ಸರಕಾರವನ್ನು ಕೇಳುವ ಮೊದಲು ನಮ್ಮ ಮನೆ ನೆಟ್ಟಗಿರಬೇಕು. ಮಹಾರಾಷ್ಟ್ರದ 2006ರ ಅಗ್ನಿಸುರಕ್ಷಾ ಕಾಯಿದೆಯಂತೆ ಜನವರಿ ಹಾಗೂ ಜುಲೈಯಲ್ಲಿ ಕೊಡಬೇಕಾದ 'ಬಿ' ಫಾರ್ಮು ಬರೇ ಕಾಗದವಾಗಬಾರದು. ಗ್ಯಾಸಿನ ಮುಖ್ಯ ವಾಲ್ವ್ ಎಲ್ಲಿದೆಯೆಂದು ನಿನ್ನೆ ಊರಿನಿಂದ ಬಂದ ಹುಡುಗನಿಗೂ ಗೊತ್ತಿರಬೇಕು. ಹಿಂಬಾಗಿಲಿಗೆ ಅಡ್ಡ ಇಟ್ಟ ಈರುಳ್ಳಿ ಚೀಲ ಇಂದೇ ತೆಗೆಯಬೇಕು. ಅಗ್ನಿಶಾಮಕ ದಳದ 101, ಪಾಲಿಕೆಯ ವಿಪತ್ತು ವಿಭಾಗದ 1916 ಗಲ್ಲಾದ ಬಳಿ ಬರೆದು ಅಂಟಿಸಿರಬೇಕು.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಅಡುಗೆಮನೆಯ ವಿವರ ಒಂದು ಹಾಳೆಯಲ್ಲಿ ಬರೆದು ತನ್ನಿ. ಪಟ್ಟಿಯನ್ನು ನಾವೇ ತಯಾರಿಸಿ ವಾರ್ಡ್ ಕಚೇರಿಯ ಮೇಜಿನ ಮೇಲಿಡೋಣ. ಆಮೇಲೆ ಅವರು ಏನನ್ನುತ್ತಾರೋ ನೋಡೋಣ.