ಬೇಸಾಯದಲ್ಲಿ ಡಿಜಿಟಲ್ ಕ್ಯಾಮರಾದ ಉಪಯೋಗವೂ ಜಮೀನುದಾರರ ಹೊಣೆಯೂ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ಹಿರಿಯರ ಮಾತು. ಹೊಲದಲ್ಲಿ ಯಾವ ಪೈರಿದೆ, ಅದಕ್ಕೆ ಯಾವ ರೋಗ ತಗುಲಿದೆ, ಮಳೆಯಿಂದ ಎಷ್ಟು ಹಾಳಾಯಿತು ಎಂಬ ವಿಷಯಗಳಲ್ಲಿ ಹಿಂದೆ ಕಣ್ಣಳತೆಯೇ ಪ್ರಮಾಣವಾಗಿತ್ತು. ಬರೆದವನ ಲೇಖನಿಯು ಹೇಳಿದುದೇ ದಾಖಲೆಯಾಗುತ್ತಿತ್ತು. ಈಗ ಆ ಸ್ಥಾನಕ್ಕೆ ಡಿಜಿಟಲ್ ಕ್ಯಾಮರಾವು ಬಂದಿದೆ. ಮದುವೆ ಮುಂಜಿಗಳಲ್ಲಿ ಚಿತ್ರ ತೆಗೆಯತಕ್ಕ ವಿನೋದದ ವಸ್ತುವೆಂದು ಅನೇಕ ಜಮೀನುದಾರರು ಇದನ್ನು ಇನ್ನೂ ಭಾವಿಸಿರುವರು. ಅದು ಸರಿಯಲ್ಲ. ನೇಗಿಲು ಕೂರಿಗೆಗಳಂತೆ ಇದೂ ಬೇಸಾಯದ ಒಂದು ಉಪಕರಣವೇ ಆಗಿದೆ. ಹಿಡಿಯಬಲ್ಲವನ ಕೈಯಲ್ಲಿ ಮಾತ್ರ ಉಪಕರಣವು ಕೆಲಸ ಮಾಡುವುದೆಂಬ ನಿಯಮವು ಇದಕ್ಕೂ ಸಲ್ಲುತ್ತದೆ.

ಈ ಯಂತ್ರದ ಗುಟ್ಟು ಸರಳವಾದುದು. ಹಳೆಯ ಕ್ಯಾಮರಾದಲ್ಲಿ ಬೆಳಕು ಫಿಲ್ಮಿನ ಮೇಲಣ ಬೆಳ್ಳಿಯ ಲವಣವನ್ನು ಮಾರ್ಪಡಿಸುತ್ತಿತ್ತು. ಕತ್ತಲೆ ಕೋಣೆಯಲ್ಲಿ ತೊಳೆದ ಹೊರತು ಚಿತ್ರವು ಕಾಣುತ್ತಿರಲಿಲ್ಲ. ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿಗೆ ಬದಲಾಗಿ ಸಿಲಿಕಾನಿನ ಒಂದು ಬಿಲ್ಲೆಯಿರುತ್ತದೆ. ಅದರ ಮೇಲೆ ಚದುರಂಗದ ಹಾಸಿನಲ್ಲಿರುವಂತೆ ಅತಿ ಸಣ್ಣ ಮನೆಗಳಿರುತ್ತವೆ. ಪ್ರತಿಯೊಂದು ಮನೆಯೂ ತನ್ನ ಮೇಲೆ ಬಿದ್ದ ಬೆಳಕಿಗೆ ತಕ್ಕಷ್ಟು ವಿದ್ಯುತ್ತನ್ನು ಕೂಡಿಡುತ್ತದೆ. ಅದನ್ನು ಅಂಕಿಗಳಾಗಿ ಎಣಿಸಿಟ್ಟರೆ ಅದೇ ಚಿತ್ರವಾಗುತ್ತದೆ. ಇಂಥ ಬಿಲ್ಲೆಗಳಲ್ಲಿ ಒಂದಾದ ಸಿ.ಸಿ.ಡಿ.ಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು ಕಂಡುಹಿಡಿದರು. ಅದಕ್ಕಾಗಿ 2009ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ಕಟ್ಟಿದ ಡಿಜಿಟಲ್ ಕ್ಯಾಮರಾವು ಸುಮಾರು 3.6 ಕಿಲೋ ತೂಗುತ್ತಿತ್ತು. ಅದರ ಚಿತ್ರದಲ್ಲಿದ್ದ ಚುಕ್ಕೆಗಳು ಕೇವಲ 10,000. ಆ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ತುಂಬಲು 23 ಸೆಕೆಂಡುಗಳು ಬೇಕಾಗುತ್ತಿದ್ದುವು. ಇಂದು ಕೂಲಿಯಾಳಿನ ಜೇಬಿನಲ್ಲಿರುವ ಮೊಬೈಲು ಕೂಡ ಕೋಟಿಗಟ್ಟಲೆ ಚುಕ್ಕೆಗಳ ಚಿತ್ರವನ್ನು ಕ್ಷಣಮಾತ್ರದಲ್ಲಿ ತೆಗೆಯುತ್ತದೆ. ತೆಗೆದ ದಿನ, ವೇಳೆ, ಸ್ಥಳಗಳನ್ನೂ ಅದರೊಡನೆ ಬರೆದಿಡಬಲ್ಲುದು.

ಇದರ ಮೊದಲನೆಯ ಪ್ರಯೋಜನವು ಪೈರಿನ ಪೀಡೆಗಳನ್ನು ಗುರುತಿಸುವುದರಲ್ಲಿದೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳುವು 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಕಂಡುಬಂದುದೇ ಭಾರತದಲ್ಲಿ ಅದರ ಮೊದಲ ದರ್ಶನವು. ನೋಟಕ್ಕೆ ಅದು ಬೇರೆ ಲದ್ದಿಹುಳುಗಳಂತೆಯೇ ಇರುತ್ತದೆ. ಆದರೆ ಬೆಳೆದ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಕವೆಯಂಥ ಬಿಳಿಯ ಗೆರೆಯೂ, ಬಾಲದ ಬಳಿ ಚೌಕವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಈ ಎರಡು ಗುರುತುಗಳು ಸ್ಪಷ್ಟವಾಗಿ ಮೂಡಿದ ಒಂದು ಚಿತ್ರವನ್ನು ರೈತ ಸಂಪರ್ಕ ಕೇಂದ್ರಕ್ಕೋ ವಿಶ್ವವಿದ್ಯಾನಿಲಯದ ತಜ್ಞರಿಗೋ ಕಳುಹಿಸಿದರೆ ಅದೇ ದಿನ ಸಲಹೆ ದೊರೆಯಬಹುದು. ಮಸುಕಾದ ಹತ್ತು ಚಿತ್ರಗಳಿಂದ ಏನೂ ಆಗುವುದಿಲ್ಲ. ಅಂಗಡಿಯವನು ಕೊಟ್ಟ ಔಷಧಿಗೆ ಹಣ ಸುರಿಯುವುದೇ ಉಳಿಯುತ್ತದೆ.

ಆದುದರಿಂದ ಚಿತ್ರ ತೆಗೆಯುವ ಕ್ರಮವನ್ನು ಅರಿತಿರಬೇಕು. ಒಂದು ತೊಂದರೆಗೆ ಮೂರು ಚಿತ್ರಗಳು ಬೇಕು: ಹೊಲದ ಹರವನ್ನು ತೋರಿಸುವುದೊಂದು, ಇಡೀ ಗಿಡದ್ದೊಂದು, ರೋಗ ತಗುಲಿದ ಭಾಗವನ್ನು ಹತ್ತಿರದಿಂದ ತೋರಿಸುವುದೊಂದು. ಎಲೆಯ ಹಿಂಬದಿಯನ್ನು ಮರೆಯಕೂಡದು. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯವನ್ನಿಡತಕ್ಕದ್ದು. ನಡು ಮಧ್ಯಾಹ್ನದ ಬಿಸಿಲಿಗಿಂತ ಬೆಳಗಿನ ಹಿತವಾದ ಬೆಳಕು ಮೇಲು. ದೂರದಲ್ಲಿ ನಿಂತು ಮೊಬೈಲಿನ ಚಿತ್ರವನ್ನು ಹಿಗ್ಗಿಸುವುದಕ್ಕಿಂತ ಹತ್ತಿರಕ್ಕೆ ಹೋಗಿ ತೆಗೆಯುವುದೇ ಲೇಸು.

ಕ್ಯಾಮರಾಕ್ಕೂ ಮಿತಿಯುಂಟು. ಬಣ್ಣವನ್ನು ಅದು ಬೆಳಕಿಗೆ ತಕ್ಕಂತೆ ತಾನೇ ತಿದ್ದಿಕೊಳ್ಳುವುದರಿಂದ ಎಲೆಯ ಹಳದಿಯು ನೆರಳಿನಲ್ಲಿ ಒಂದು ಬಗೆ, ದೀಪದಲ್ಲಿ ಮತ್ತೊಂದು ಬಗೆಯಾಗಿ ತೋರಬಹುದು. ಅಲ್ಲದೆ ಆ ಹಳದಿಗೆ ಸಾರಜನಕದ ಕೊರತೆ, ಕಬ್ಬಿಣದ ಕೊರತೆ, ಬೇರಿನಲ್ಲಿ ನಿಂತ ನೀರು ಇವುಗಳಲ್ಲಿ ಯಾವುದು ಬೇಕಾದರೂ ಕಾರಣವಾಗಿರಬಹುದು. ಗಿಡವನ್ನು ಕಿತ್ತು ಬೇರನ್ನು ನೋಡುವುದೂ ಮಣ್ಣನ್ನು ಪರೀಕ್ಷೆಗೆ ಕಳುಹಿಸುವುದೂ ಚಿತ್ರದಿಂದ ತಪ್ಪುವುದಿಲ್ಲ.

ವೃತ್ತಿನಿರತರ ಕೈಯಲ್ಲಿ ಈ ಯಂತ್ರವು ಮನುಷ್ಯರ ಕಣ್ಣಿಗೆ ನಿಲುಕದುದನ್ನೂ ಕಾಣಬಲ್ಲುದು. ಸೊಂಪಾದ ಎಲೆಯು ಕೆಂಪಿನಾಚೆಯ ಅದೃಶ್ಯ ಕಿರಣಗಳನ್ನು ಹೆಚ್ಚಾಗಿ ಹಿಂದಕ್ಕೆ ಎಸೆಯುತ್ತದೆ. ಸೊರಗಿದ ಎಲೆಯು ಅಷ್ಟು ಎಸೆಯುವುದಿಲ್ಲ. ಸಾಧಾರಣ ಕ್ಯಾಮರಾದಲ್ಲಿ ಆ ಕಿರಣಗಳನ್ನು ತಡೆಯುವ ಗಾಜೊಂದಿರುತ್ತದೆ. ಉಪಗ್ರಹಗಳಲ್ಲಿಯೂ ಕೆಲವು ಡ್ರೋನುಗಳಲ್ಲಿಯೂ ಅವನ್ನು ಗ್ರಹಿಸತಕ್ಕ ವಿಶೇಷ ಕ್ಯಾಮರಾಗಳನ್ನಿಟ್ಟು ಪೈರಿನ ಸ್ಥಿತಿಯನ್ನು ಅಳೆಯುತ್ತಾರೆ. ಅಕ್ಕಿ ಗಿರಣಿಗಳಲ್ಲಿ ಬಣ್ಣ ನೋಡಿ ಬೇರ್ಪಡಿಸುವ ಯಂತ್ರದೊಳಗೆ ಇರುವುದೂ ಕ್ಯಾಮರಾವೇ. ಕರಿಯ ಕಾಳು ಬೀಳುವ ಕ್ಷಣದಲ್ಲಿಯೇ ಅದನ್ನು ಕಂಡು ಗಾಳಿಯ ಊದಿನಿಂದ ಆಚೆಗೆ ತಳ್ಳುತ್ತದೆ.

ಇವೆಲ್ಲಕ್ಕಿಂತ ಹಿರಿದಾದುದು ಸಾಕ್ಷಿಯ ಕಾರ್ಯವು. ಕರ್ನಾಟಕದಲ್ಲಿ 2017ರಿಂದ ಬೆಳೆ ಸಮೀಕ್ಷೆಯು ಮೊಬೈಲಿನ ಮೂಲಕ ನಡೆಯುತ್ತಿದೆ. ತನ್ನ ಪೈರಿನ ಚಿತ್ರವನ್ನು ರೈತನು ತಾನೇ ತೆಗೆದು ದಾಖಲಿಸುವ ಅವಕಾಶವು 2020ರಲ್ಲಿ ದೊರೆಯಿತು. ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಅತಿವೃಷ್ಟಿ ಅನಾವೃಷ್ಟಿಗಳ ಪರಿಹಾರ ಇವೆಲ್ಲಕ್ಕೂ ಆ ದಾಖಲೆಯೇ ಆಧಾರವು. ವಿಮೆಯ ಕಾಗದದಲ್ಲಿ ತೊಗರಿಯೆಂದೂ ಸಮೀಕ್ಷೆಯಲ್ಲಿ ಬೀಳು ಭೂಮಿಯೆಂದೂ ಇದ್ದರೆ ಅರ್ಜಿಯು ನಿಲ್ಲುವುದಿಲ್ಲ. ವರ್ಷದ ದುಡಿಮೆಯೂ ಕಟ್ಟಿದ ಕಂತೂ ಎರಡೂ ಹೋಗುತ್ತವೆ.

ಹೀಗಿರುವಲ್ಲಿ ಬಹುಮಂದಿ ಜಮೀನುದಾರರು ಈ ಕೆಲಸವನ್ನು ಊರಿನ ಯಾವನೋ ಹುಡುಗನಿಗೆ ಒಪ್ಪಿಸಿ ಪೇಟೆಯಲ್ಲಿ ಕುಳಿತಿರುವುದು ವಿಷಾದಕರವು. ಹುಡುಗನು ದಾರಿಯ ಬದುವಿನ ಮೇಲೆಯೇ ನಿಂತು ಚಿತ್ರ ತೆಗೆದುಬಿಡುತ್ತಾನೆ. ಬಯಲಿನಲ್ಲಿ ಕೂಡ ಮೊಬೈಲು ತೋರಿಸುವ ಸ್ಥಳವು ಕೆಲವು ಮೀಟರುಗಳಷ್ಟು ಆಚೀಚೆ ಆಗುವುದುಂಟು. ಬದುವಿನ ಮೇಲೆ ನಿಂತವನ ಚಿತ್ರವು ನೆರೆಯವನ ಸರ್ವೆ ನಂಬರಿಗೆ ಸೇರಬಹುದು. ರಾಗಿಯ ಚಿತ್ರ ತೆಗೆದು ಅಕ್ಕಡಿಯ ಅವರೆಯನ್ನು ಬಿಟ್ಟರೆ ಅವರೆಯು ದಾಖಲೆಯಲ್ಲಿ ಇಲ್ಲವೇ ಇಲ್ಲ. ಯಜಮಾನನು ಹೊಲದ ನಡುವೆ ನಿಂತು ಎದುರಿನಲ್ಲಿಯೇ ಚಿತ್ರ ತೆಗೆಸತಕ್ಕದ್ದು. ಅಲ್ಲಿ ಸಿಗ್ನಲ್ ಇಲ್ಲದಿದ್ದರೂ ಚಿಂತೆಯಿಲ್ಲ. ತೆಗೆದ ಚಿತ್ರವನ್ನು ಊರಿಗೆ ಬಂದು ಕಳುಹಿಸಬಹುದು.

ಇದು ಸರ್ಕಾರದ ಕೆಲಸ, ರೈತನಿಗೇಕೆ ಈ ತೊಡಕು ಎಂದು ಕೆಲವರು ಕೇಳುವರು. ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಸಮೀಕ್ಷೆಗೆ ನಿಯಮಿತರಾದವರು ಅವಸರದಿಂದ ತಪ್ಪು ಬರೆದಿರುವ ಸಂದರ್ಭಗಳುಂಟು. ಅವನ್ನು ತಿದ್ದುವುದು ಅಧಿಕಾರಿಗಳ ಕರ್ತವ್ಯವೇ ಸರಿ. ಆದರೆ ಬೆಳೆ ದರ್ಶಕ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ತನ್ನ ಹೊಲದ ದಾಖಲೆಯನ್ನೂ ಚಿತ್ರವನ್ನೂ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ರೈತನಿಗೆ ಕೊಟ್ಟಿರುವಾಗ, ನೋಡದೆ ಕುಳಿತವನ ನಷ್ಟಕ್ಕೆ ಇತರರನ್ನು ಮಾತ್ರವೇ ದೂರುವುದು ನ್ಯಾಯವಲ್ಲ. ಹಾಗೆಯೇ ಆಲಿಕಲ್ಲಿನಿಂದಲೋ ಹೊಲ ಮುಳುಗಿಯೋ ನಷ್ಟವಾದಾಗ 72 ಗಂಟೆಗಳೊಳಗೆ ವಿಮೆಯವರಿಗೆ ತಿಳಿಸಬೇಕೆಂಬ ನಿಯಮವಿದೆ. ನೀರು ಇಳಿಯುವ ಮೊದಲೇ ತೆಗೆದ ಚಿತ್ರವು ಆಗ ನೆರವಾಗುತ್ತದೆ; ಆದರೆ ತಿಳಿಸದೆ ಮೊಬೈಲಿನಲ್ಲಿಯೇ ಉಳಿದ ಚಿತ್ರದಿಂದ ಬಿಡಿಗಾಸೂ ಬರುವುದಿಲ್ಲ.

ಗ್ರಾಮದ ಹಿರಿಯರಿಗೆ ಇಲ್ಲಿ ಎರಡು ಹೊಣೆಗಳಿವೆ. ಮೊಬೈಲಿಲ್ಲದ ಬಡವರು, ವೃದ್ಧರು, ಒಂಟಿಯಾಗಿ ಬೇಸಾಯ ನಡೆಸುವ ಹೆಂಗಸರು ಇವರ ಹೊಲಗಳ ಚಿತ್ರವೂ ಕಾಲಕ್ಕೆ ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳುವುದು ಮೊದಲನೆಯದು. ಬೇರೆಯವನ ಪೈರನ್ನು ತನ್ನದೆಂದು ತೋರಿಸುವ ಕಳ್ಳ ಚಿತ್ರಕ್ಕೆ ಊರಿನಲ್ಲಿ ಎಡೆ ಕೊಡದಿರುವುದು ಎರಡನೆಯದು. ಒಂದು ಸುಳ್ಳು ಸಿಕ್ಕಿಬಿದ್ದರೆ ಆ ಊರಿನ ನೂರು ಸತ್ಯಗಳನ್ನೂ ಸಂದೇಹದಿಂದಲೇ ನೋಡುತ್ತಾರೆ. ಕಳ್ಳನ ನಷ್ಟಕ್ಕಿಂತ ಪ್ರಾಮಾಣಿಕನ ನಷ್ಟವೇ ಆಗ ಹೆಚ್ಚು. ಮುಂಗಾರು, ಹಿಂಗಾರು, ಬೇಸಿಗೆ ಈ ಮೂರು ಕಾಲಗಳಲ್ಲಿ ಒಂದೊಂದು ದಿನವನ್ನು ಗೊತ್ತುಮಾಡಿ, ಊರಿನ ಬೇಸಾಯಗಾರರೆಲ್ಲರೂ ತಮ್ಮ ತಮ್ಮ ಹೊಲದಲ್ಲಿ ನಿಂತು ಈ ಕೆಲಸವನ್ನು ಮುಗಿಸುವ ಪದ್ಧತಿಯನ್ನು ಹಿರಿಯರು ಹಾಕಿಕೊಟ್ಟರೆ ಅದಕ್ಕೆ ತಗಲುವ ಖರ್ಚು ಅರ್ಧ ದಿನದ ನಡಿಗೆ ಮಾತ್ರ; ತಪ್ಪುವುದು ವರ್ಷವಿಡೀ ಕಛೇರಿಗಳಿಗೆ ಅಲೆಯುವ ಕಷ್ಟ.