ಜಗಳ ಸಂಘಟಕರದ್ದು, ಶಿಕ್ಷೆ ಆಟಗಾರನಿಗೆ

2023ರ ಅಕ್ಟೋಬರ್‌ನಲ್ಲಿ ವಿಯೆಟ್ನಾಂನ ಹನೋಯ್‌ನಲ್ಲಿ ನೈನ್-ಬಾಲ್ ಪೂಲ್‌ನ ದೊಡ್ಡ ಟೂರ್ನಿಯೊಂದು ನಡೆಯಿತು. ನಡೆಸಿದ್ದು ಬ್ರಿಟನ್ನಿನ ಮ್ಯಾಚ್‌ರೂಮ್ ಕಂಪನಿ. ಏಷ್ಯಾದ ಬಿಲಿಯರ್ಡ್ಸ್ ಒಕ್ಕೂಟವಾದ ಎಸಿಬಿಎಸ್ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಕೊಡುವುದು ಬಿಡುವುದು ಒಕ್ಕೂಟಕ್ಕೆ ಬಿಟ್ಟ ವಿಚಾರ. ಆದರೆ ಅಲ್ಲಿ ಆಡಿದವರನ್ನೇ ಅಮಾನತು ಮಾಡುತ್ತೇವೆ ಎಂದು ಗದರಿಸುವ ಅಧಿಕಾರ ಅದಕ್ಕೆ ಎಲ್ಲಿಂದ ಬಂತು? ಈ ಗದರಿಕೆಯ ಹಿಂದಿದ್ದ, ವಿಶ್ವ ಪೂಲ್ ಸಂಸ್ಥೆ ಡಬ್ಲ್ಯುಪಿಎ ಮತ್ತು ಮ್ಯಾಚ್‌ರೂಮ್ ನಡುವಿನ ಹಗ್ಗಜಗ್ಗಾಟ ಕೊನೆಗೆ ಬಂದು ನಿಂತದ್ದು ಕ್ಯೂ ಹಿಡಿದವನ ಹೊಟ್ಟೆಯ ಮೇಲೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಇದಕ್ಕೇ.

ಈ ಆಟ ಎಷ್ಟು ನಿರ್ದಯವಾದದ್ದು ನೋಡಿ. ಟೇಬಲ್ ಮೇಲೆ ಉಳಿದಿರುವ ಅತಿ ಕಡಿಮೆ ಸಂಖ್ಯೆಯ ಚೆಂಡಿಗೇ ಮೊದಲು ತಾಗಿಸಬೇಕು. ಒಂಬತ್ತನೆಯದನ್ನು ನಿಯಮದಂತೆ ಪಾಕೆಟ್‌ಗೆ ಇಳಿಸಿದವನಿಗೆ ಆ ಸುತ್ತು, ಅಂದರೆ ರ‍್ಯಾಕ್. ಗೆದ್ದವನೇ ಮತ್ತೆ ಬ್ರೇಕ್ ಮಾಡುವ (ಮೊದಲ ಹೊಡೆತ ಹೊಡೆಯುವ) ಪಂದ್ಯದಲ್ಲಿ, ಒಂದು ಹೊಡೆತ ತಪ್ಪಿದವನು ಕುರ್ಚಿಯಲ್ಲಿ ಕೂತು ನಾಲ್ಕೈದು ರ‍್ಯಾಕ್ ಕೈಬಿಟ್ಟು ಹೋಗುವುದನ್ನು ಸುಮ್ಮನೆ ನೋಡಬೇಕಾಗಬಹುದು. 2024ರಲ್ಲಿ ಜೆಡ್ಡಾದ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಕೊನೆಯ ರ‍್ಯಾಕ್‌ವರೆಗೂ ಎಳೆಯಿತು. ಫೆಡರ್ ಗೋರ್ಸ್ಟ್ 15–14ರಿಂದ ಗೆದ್ದು ಎರಡೂವರೆ ಲಕ್ಷ ಡಾಲರ್ ಪಡೆದರು. ಮರುವರ್ಷ ಅದೇ ಊರಿನಲ್ಲಿ ಅವರನ್ನು 15–13ರಿಂದ ಸೋಲಿಸಿದ ಫಿಲಿಪ್ಪೀನ್ಸ್‌ನ ಕಾರ್ಲೋ ಬಿಯಾಡೊ ಒಂದು ಕಾಲಕ್ಕೆ ಗಾಲ್ಫ್ ಮೈದಾನದಲ್ಲಿ ಬೇರೆಯವರ ಚೀಲ ಹೊತ್ತವರು. ಅಂಥ ಹಿನ್ನೆಲೆಯಿಂದ ಬರುವ ಆಟಗಾರರಿಗೆ ತಿಂಗಳ ಸಂಬಳವಿಲ್ಲ. ಟೂರ್ನಿಯೇ ಅವರ ಅನ್ನ. ಆರು ತಿಂಗಳು ಬಾಗಿಲು ಹಾಕಿದರೆ ಆ ಆರು ತಿಂಗಳು ಅವರ ಮನೆ ನಡೆಯುವುದು ಹೇಗೆ?

ಹಾಗೆಂದು ಮ್ಯಾಚ್‌ರೂಮ್ ಆಟಗಾರರ ರಕ್ಷಕ ಎಂದು ನಾನು ಒಪ್ಪುವುದಿಲ್ಲ. ವೃತ್ತಿಪರ ಸ್ನೂಕರ್ ಸರಣಿ ನಡೆಸುವ ವರ್ಲ್ಡ್ ಸ್ನೂಕರ್ ಟೂರ್ ಅದೇ ಕಂಪನಿಯ ಕೂಸು. ಹನೋಯ್ ಟೂರ್ನಿ ನಡೆದ ಅದೇ ತಿಂಗಳು, ಮಕಾವ್‌ನ ಪ್ರದರ್ಶನ ಪಂದ್ಯಕ್ಕೆ ಹೊರಟಿದ್ದ ಮಾರ್ಕ್ ಸೆಲ್ಬಿ, ಜಾನ್ ಹಿಗ್ಗಿನ್ಸ್ ಅವರಂಥವರಿಗೆ ಶಿಸ್ತುಕ್ರಮದ ಎಚ್ಚರಿಕೆ ಕೊಟ್ಟಿದ್ದು ಇದೇ ಸಂಸ್ಥೆ. ಪೂಲ್‌ನಲ್ಲಿ ಸ್ವಾತಂತ್ರ್ಯದ ಮಾತು, ಸ್ನೂಕರ್‌ನಲ್ಲಿ ಬೆತ್ತ. ಯಾರ ಕೈಯಲ್ಲಿ ಬೀಗದ ಕೈ ಇದೆಯೋ ಅವರು ಬಾಗಿಲು ಹಾಕುತ್ತಾರೆ, ಅಷ್ಟೇ.

ಒಕ್ಕೂಟಗಳ ವಾದವೂ ಇದೆ: ಹಂಗಿಲ್ಲದೆ ಟೂರ್ನಿ ನಡೆಸಿದರೆ ವೇಳಾಪಟ್ಟಿ ಕೆಡುತ್ತದೆ, ಮಾನ್ಯತಾ ಶುಲ್ಕ ನಿಂತರೆ ಕಿರಿಯರ ಕ್ರೀಡೆಗೆ ಹಣ ಸಿಗುವುದಿಲ್ಲ. ನ್ಯಾಯವಾದ ಆತಂಕವೇ. ಅದಕ್ಕೆ ಸಂಘಟಕನ ಮೇಲೆ ದಾವೆ ಹೂಡಿ, ರ‍್ಯಾಂಕಿಂಗ್ ಅಂಕ ಕೊಡಬೇಡಿ, ‘ವಿಶ್ವ’ ಎಂಬ ಹೆಸರು ಕಿತ್ತುಕೊಳ್ಳಿ. ಆಟಗಾರನನ್ನು ಒತ್ತೆ ಇಡಬೇಡಿ. ಇಬ್ಬರು ಡಚ್ ಸ್ಪೀಡ್ ಸ್ಕೇಟರ್‌ಗಳ ದೂರಿನಿಂದ ಶುರುವಾದ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2023ರ ಡಿಸೆಂಬರ್ 21ರಂದು ಹೇಳಿದ್ದೂ ಇದನ್ನೇ: ಅನುಮತಿಯಿಲ್ಲದ ಸ್ಪರ್ಧೆಗೆ ಹೋದವರನ್ನು ಹೊರಹಾಕುವ ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಸ್ಥೆಯ ನಿಯಮ ಸ್ಪರ್ಧಾ ಕಾನೂನಿಗೆ ವಿರುದ್ಧ. ನಮ್ಮಲ್ಲಿ ಮಾನ್ಯತೆಯಿಲ್ಲದ ಐಸಿಎಲ್ ಕ್ರಿಕೆಟ್ ಲೀಗ್ ಸೇರಿದ ಕ್ರಿಕೆಟಿಗರನ್ನು ಬಿಸಿಸಿಐ ಹೊರಗಟ್ಟಿದಾಗ ಇಂಥ ತೀರ್ಪೊಂದು ಇದ್ದಿದ್ದರೆ ಎಷ್ಟೋ ಯುವಕರ ಉತ್ತಮ ವರ್ಷಗಳು ಉಳಿಯುತ್ತಿದ್ದವು.

ಇದು ದೂರದ ಸಂಗತಿಯಲ್ಲ. ಭಾರತದ ಬಿಲಿಯರ್ಡ್ಸ್ ಫೆಡರೇಷನ್ ಕೂಡ ಎಸಿಬಿಎಸ್ ಸದಸ್ಯ. ಪಂಕಜ್ ಅಡ್ವಾಣಿಯವರನ್ನು ಕೊಟ್ಟ ಬೆಂಗಳೂರಿನಲ್ಲಿ ನಾಳೆ ಒಬ್ಬ ಹುಡುಗ ನೈನ್-ಬಾಲ್‌ನಲ್ಲಿ ಮೇಲೆ ಬಂದರೆ ಇದೇ ಗದರಿಕೆ ಅವನಿಗೂ ಕಾದಿದೆ. ಆಟಗಾರರನ್ನು ಅಮಾನತಿನ ಪಟ್ಟಿಗೆ ಸೇರಿಸುವ ನಿರ್ಣಯ ಎಸಿಬಿಎಸ್ ಸಭೆಗೆ ಬಂದಾಗ ನಮ್ಮ ಪ್ರತಿನಿಧಿಗಳು ಅದರ ವಿರುದ್ಧ ಕೈ ಎತ್ತಲಿ.