ಗೆದ್ದ ಮೇಲೂ ಗೊಣಗುವವರ ಪರವಾಗಿ

ತಂಡ ಗೆದ್ದಿದೆ, ಆದರೆ ಅಭಿಮಾನಿಗಳ ಮುಖ ನೋಡಿದರೆ ಸೋತ ಮನೆಯ ಹಾಗಿದೆ. "ಇದೂ ಒಂದು ಗೆಲುವಾ? ಅವರು ಕೈಯಿಂದ ಬಾಲ್ ಬಿಟ್ಟಿದ್ದಕ್ಕೆ ನಾವು ಗೆದ್ವಿ" ಅಂತ ಒಬ್ಬರು. "ಎರಡು ಅಂಕ ಬಂತಲ್ಲ, ಸುಮ್ನಿರಿ" ಅಂತ ಇನ್ನೊಬ್ಬರು. ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ ಜುಲೈ, ಆಗಸ್ಟ್ ಬಂತೆಂದರೆ ವಾರಾವಾರ ಇದೇ ಜಗಳ. ಪಟ್ಟಿಯ ಮಧ್ಯದಲ್ಲಿ ಒದ್ದಾಡುವ ಯಾವ ತಂಡದ ಅಭಿಮಾನಿಗಳನ್ನು ಕೇಳಿದರೂ ಈ ಎರಡೇ ಪಕ್ಷ. ನಾವು ಈ ಲೇಖನದಲ್ಲಿ ಗೊಣಗುವವರ ಪಕ್ಷ ವಹಿಸಿದ್ದೇವೆ. ಪೂರ್ತಿಯಾಗಿ ಅಲ್ಲ, ಆದರೂ ವಹಿಸಿದ್ದೇವೆ.

ಬೆಂಗಳೂರಿನ ಸಂಘಕ್ಕೂ ಸಿಡ್ನಿಯ ಆಟಕ್ಕೂ ಏನು ನಂಟು ಅಂತ ಕೇಳಿದರೆ, ಕಾರಣ ನಮ್ಮ ಸೀನಿಯರ್ ಒಬ್ಬರು. ಮಾಸ್ಟರ್ಸ್ ಮಾಡಲು ಹೋದವರು ಈಗ ಹ್ಯಾರಿಸ್ ಪಾರ್ಕ್‌ನಲ್ಲಿದ್ದಾರೆ. ಪಶ್ಚಿಮ ಸಿಡ್ನಿಯ ಈ ಬಡಾವಣೆಯನ್ನು ಅಲ್ಲಿಯವರು 'ಲಿಟಲ್ ಇಂಡಿಯಾ' ಅಂತಲೇ ಕರೆಯುತ್ತಾರೆ, ಅಷ್ಟು ಜನ ನಮ್ಮವರು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಪ್ಯಾರಮಟ್ಟಾ ಈಲ್ಸ್ ತಂಡದ ಸ್ಟೇಡಿಯಂ. ಊರಿಗೆ ಹತ್ತಿರದ ತಂಡ ಅಂತ ಅಣ್ಣ ಅದನ್ನೇ ಹಿಡಿದುಕೊಂಡರು, ಫೋನಿನಲ್ಲೇ ನಮಗೂ ಅಂಟಿಸಿದರು. ಅಲ್ಲಿ ರಾತ್ರಿ ಎಂಟಕ್ಕೆ ಶುರುವಾಗುವ ಆಟ ನಮಗೆ ಮಧ್ಯಾಹ್ನ ಮೂರೂವರೆಗೆ, ಸರಿಯಾಗಿ ಲ್ಯಾಬ್ ಹೊತ್ತಿಗೆ. ಹಾಗಾಗಿ ನಾವು ನೋಡಿದ್ದಕ್ಕಿಂತ ಆಮೇಲೆ ಅಣ್ಣನ ಬಾಯಲ್ಲಿ ಬೈಗುಳ ಕೇಳಿದ್ದೇ ಹೆಚ್ಚು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರಗ್ಬಿಯಲ್ಲಿ ಯೂನಿಯನ್ ಬೇರೆ, ಲೀಗ್ ಬೇರೆ. ಲೀಗ್‌ನಲ್ಲಿ ತಂಡಕ್ಕೆ 13 ಜನ. ಓವರಿಗೆ ಆರು ಬಾಲ್ ಇದ್ದ ಹಾಗೆ ಇಲ್ಲಿ ಆರು ಟ್ಯಾಕಲ್. ಬಾಲ್ ಹಿಡಿದು ನುಗ್ಗುವವನನ್ನು ಎದುರಿನವರು ಕಬಡ್ಡಿಯಲ್ಲಿ ರೈಡರನ್ನು ಹಿಡಿದಂತೆ ಹಿಡಿದು ಕೆಡವುತ್ತಾರೆ. ಆರು ಸಲ ಬೀಳುವುದರೊಳಗೆ ಏನಾದರೂ ಮಾಡಬೇಕು, ಇಲ್ಲದಿದ್ದರೆ ಬಾಲ್ ಅವರಿಗೆ. ಗೆರೆ ದಾಟಿ ಬಾಲ್ ನೆಲಕ್ಕಿಟ್ಟರೆ ಅದು ಟ್ರೈ, 4 ಅಂಕ. ಅದರ ಮೇಲಿನ ಕಿಕ್‌ಗೆ 2, ಪೆನಾಲ್ಟಿ ಗೋಲಿಗೂ 2. ಆಟದ ನಡುವೆಯೇ ಹೊಡೆಯುವ ಡ್ರಾಪ್ ಕಿಕ್‌ಗೆ ಸಾಮಾನ್ಯವಾಗಿ 1. ಇಷ್ಟು ತಿಳಿದರೆ ಜಗಳಕ್ಕೆ ಸೇರಿಕೊಳ್ಳಬಹುದು.

ಇನ್ನು ಪಟ್ಟಿ. 2023ರಿಂದ ಎನ್‌ಆರ್‌ಎಲ್‌ನಲ್ಲಿ 17 ತಂಡ, ಪ್ರತಿ ತಂಡಕ್ಕೆ 24 ಆಟ. ಗೆದ್ದರೆ 2 ಅಂಕ. ಮಜಾ ಏನೆಂದರೆ, ತಂಡಗಳ ಸಂಖ್ಯೆ ಬೆಸ ಆಗಿರುವುದರಿಂದ ಪ್ರತಿ ವಾರ ಯಾರಾದರೂ ಒಬ್ಬರು ಸುಮ್ಮನೆ ಕೂರಲೇಬೇಕು, ಹಾಗೆ ಕೂತವರಿಗೂ 2 ಅಂಕ! ಅಟೆಂಡೆನ್ಸ್ ಶಾರ್ಟೇಜ್ ಇರುವ ನಮ್ಮಂಥವರಿಗೆ ಕೇಳಿದರೇ ಹೊಟ್ಟೆ ಉರಿಯುವ ನಿಯಮ. ಕೊನೆಗೆ ಮೊದಲ ಎಂಟು ತಂಡ ಫೈನಲ್ಸ್‌ಗೆ ಹೋಗುತ್ತವೆ. ಅಂಕ ಸಮವಾದರೆ ಗಳಿಸಿದ್ದು ಎಷ್ಟು, ಬಿಟ್ಟುಕೊಟ್ಟಿದ್ದು ಎಷ್ಟು ಎಂಬ ವ್ಯತ್ಯಾಸ ನೋಡುತ್ತಾರೆ.

ಇದು ನಮಗೆ ಹೊಸದಲ್ಲ. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿಗೆ ಚೆನ್ನೈ ವಿರುದ್ಧ ಗೆದ್ದರೆ ಸಾಕಾಗುತ್ತಿರಲಿಲ್ಲ, 18 ರನ್ನಿನಿಂದ ಗೆಲ್ಲಬೇಕಿತ್ತು. ಗೆದ್ದಿದ್ದು 27ರಿಂದ. ಹಾಸ್ಟೆಲ್‌ನಲ್ಲಿ ಅವತ್ತು ಆಟ ನೋಡಿದ್ದಕ್ಕಿಂತ ಕ್ಯಾಲ್ಕುಲೇಟರ್ ಒತ್ತಿದ್ದೇ ಜಾಸ್ತಿ. ಅದಕ್ಕೆ ಎರಡು ವಾರ ಮುಂಚೆ, ಮೇ 4ರಂದು, ಗುಜರಾತ್ ಕೊಟ್ಟ 148ರ ಗುರಿಯನ್ನು ಬೆನ್ನಟ್ಟುತ್ತಾ ವಿಕೆಟ್ ಇಲ್ಲದೆ 92 ಇದ್ದದ್ದು ನೋಡನೋಡುತ್ತಾ 6 ವಿಕೆಟಿಗೆ 117 ಆಗಿತ್ತು. ಗೆದ್ದೆವು, ಸರಿ. ಆದರೆ ಆ ರಾತ್ರಿ ಮೆಸ್‌ನಲ್ಲಿ ಯಾರೂ ಖುಷಿಯಾಗಿ ಊಟ ಮಾಡಲಿಲ್ಲ. ಹಾಗಾಗಿ ಸಿಡ್ನಿಯವರ ಗೊಣಗಾಟ ನಮಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಈ ಜಗಳದಲ್ಲಿ ಎರಡು ಪಕ್ಷದವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ ಅನ್ನುವುದು ನಮ್ಮ ಅನಿಸಿಕೆ. "ಎರಡು ಅಂಕ ಬಂತಲ್ಲ" ಅನ್ನುವವರು ಕೇಳುತ್ತಿರುವುದು, ಎಂಟರೊಳಗೆ ಬರ್ತೀವಾ? ಆ ಪ್ರಶ್ನೆಗೆ ಕೆಟ್ಟ ಗೆಲುವೂ ಒಳ್ಳೆ ಗೆಲುವೂ ಒಂದೇ. ನಲವತ್ತು ತೆಗೆದವನೂ ಪಾಸು, ತೊಂಬತ್ತು ತೆಗೆದವನೂ ಪಾಸು. ಗೊಣಗುವವರು ಕೇಳುತ್ತಿರುವುದು, ಬಂದು ಏನು ಮಾಡ್ತೀವಿ? ಈ ಎರಡನೆಯದಕ್ಕೆ ಅಂಕಪಟ್ಟಿಯಲ್ಲಿ ಉತ್ತರ ಇಲ್ಲ, ಆಟದಲ್ಲೇ ಹುಡುಕಬೇಕು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೂತಾಗ ಜಸ್ಟ್ ಪಾಸ್ ಆದ ಸಬ್ಜೆಕ್ಟಿನಿಂದಲೇ ಪ್ರಶ್ನೆ ಬರುವುದು ಗೊತ್ತಲ್ಲ, ಹಾಗೆ.

ಅವರ ಭಯಕ್ಕೆ ಆಧಾರವೂ ಇದೆ. ಈಗಿನ ಪದ್ಧತಿಯಲ್ಲಿ ಮೊದಲ ನಾಲ್ಕು ಸ್ಥಾನದಲ್ಲಿದ್ದವರು ಫೈನಲ್ಸ್‌ನ ಮೊದಲ ವಾರ ಸೋತರೂ ಇನ್ನೊಂದು ಅವಕಾಶ ಉಂಟು. ಐದರಿಂದ ಎಂಟರವರೆಗಿನವರು ಸೋತರೆ ಅವತ್ತೇ ಮನೆಗೆ. ಈ ಪದ್ಧತಿ ಬಂದ 2012ರಿಂದ 2025ರವರೆಗೆ ಕಪ್ ಎತ್ತಿದವರೆಲ್ಲ ಮೊದಲ ನಾಲ್ಕರೊಳಗಿದ್ದವರೇ. ಆರನೆಯ ಸ್ಥಾನದಿಂದ ಬಂದು ಗೆದ್ದ ಉದಾಹರಣೆ ಬೇಕೆಂದರೆ 1995ರ ಬುಲ್‌ಡಾಗ್ಸ್‌ವರೆಗೂ ಹಿಂದೆ ಹೋಗಬೇಕು. ಅಂದರೆ ತಿಣುಕಿ ತಿಣುಕಿ ಎಂಟನೆಯವರಾಗಿ ಒಳಗೆ ಬರುವುದು ಕಪ್ಪಿನ ದಾರಿ ಅಲ್ಲವೇ ಅಲ್ಲ ಎನ್ನುವಷ್ಟು ಕಷ್ಟ.

ಇದಕ್ಕೆ ಲೆಕ್ಕವೂ ಇದೆ, ಇಂಜಿನಿಯರಿಂಗ್ ಓದುವವರು ಲೆಕ್ಕ ಹೇಳದೆ ಬಿಡುತ್ತೇವಾ. ಬೇಸ್‌ಬಾಲ್ ಅಂಕಿಸಂಖ್ಯೆಗೆ ಹೆಸರಾದ ಅಮೆರಿಕದ ಬಿಲ್ ಜೇಮ್ಸ್ ಒಂದು ಸೂತ್ರ ಕೊಟ್ಟರು. ಗಳಿಸಿದ ಅಂಕದ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ವರ್ಗಗಳ ಮೊತ್ತದಿಂದ ಭಾಗಿಸಿ. ತಂಡ ಸರಿಸುಮಾರು ಎಷ್ಟು ಪಾಲು ಆಟ ಗೆಲ್ಲಬೇಕಿತ್ತು ಅನ್ನುವುದು ಸಿಗುತ್ತದೆ. ನೋಡಲು ಪೈಥಾಗರಸ್ ಪ್ರಮೇಯದ ಹಾಗಿದೆ ಅಂತ ಅದಕ್ಕೆ ಅದೇ ಹೆಸರು. ಬೇರೆ ಆಟಗಳಿಗೆ ಅದೇ ವರ್ಗ ಹೊಂದುವುದಿಲ್ಲ, ಘಾತ ಬದಲಿಸಿಕೊಳ್ಳಬೇಕು. ಹೇಳುವ ವಿಷಯ ಮಾತ್ರ ಒಂದೇ. ಸೂತ್ರ ಹೇಳಿದ್ದಕ್ಕಿಂತ ಹೆಚ್ಚು ಗೆದ್ದಿರುವ ತಂಡ ಒಂದೆರಡು ಅಂಕದ ಆಟಗಳನ್ನು ಗೆದ್ದು ಗೆದ್ದು ಮೇಲೆ ಬಂದಿರುತ್ತದೆ, ಆ ಅದೃಷ್ಟ ಹಾಗೇ ಉಳಿಯುವುದು ಅಪರೂಪ. ಗೊಣಗುವ ಅಜ್ಜನಿಗೆ ಸೂತ್ರ ಗೊತ್ತಿಲ್ಲದಿರಬಹುದು, ಹೇಳುತ್ತಿರುವುದು ಇದನ್ನೇ.

ಆದರೆ ಪ್ಯಾರಮಟ್ಟಾದವರ ಇತಿಹಾಸ ಇದೆಯಲ್ಲ, ಅದು ಎಲ್ಲ ಸೂತ್ರಕ್ಕೂ ತಲೆನೋವು.

2001ರಲ್ಲಿ ಈಲ್ಸ್‌ನಷ್ಟು ಮನಸೋಲುವಂತೆ ಗೆದ್ದವರು ಯಾರೂ ಇರಲಿಲ್ಲ. ಲೀಗ್ ಹಂತದಲ್ಲಿ 839 ಅಂಕ ಬಾರಿಸಿ ಪಟ್ಟಿಯ ತುದಿಯಲ್ಲಿ ಕೂತಿದ್ದರು. ಗ್ರ್ಯಾಂಡ್ ಫೈನಲ್‌ನಲ್ಲಿ ನ್ಯೂಕ್ಯಾಸಲ್ ವಿರುದ್ಧ ಅರ್ಧ ಆಟ ಮುಗಿಯುವಾಗ 0–24. ಆಮೇಲೆ ಎದ್ದು ಬಂದರು, ಆದರೂ 24–30ರಿಂದ ಸೋತರು. ವರ್ಷವಿಡೀ ಗೊಣಗಲು ಏನೂ ಸಿಗದ ತಂಡ ಒಂದೇ ರಾತ್ರಿಯ ನಲವತ್ತು ನಿಮಿಷದಲ್ಲಿ ಕಪ್ ಕಳೆದುಕೊಂಡಿತು.

2009ರಲ್ಲಿ ತಿರುಗುಮುರುಗು. ಸೀಸನ್ನಿನ ಕೊನೆಯ ಭಾಗದಲ್ಲಿ ಚೇತರಿಸಿಕೊಂಡು ಎಂಟನೆಯವರಾಗಿ ಒಳಬಂದರು. ಲೀಗ್‌ನ ಕೊನೆಯ ಆಟದಲ್ಲಿ ಡ್ರ್ಯಾಗನ್ಸ್ ಕೈಯಲ್ಲಿ 0–37. ಹೌದು, ಸೊನ್ನೆ. ಮುಂದಿನ ವಾರ ಫೈನಲ್ಸ್‌ನಲ್ಲಿ ಎದುರಿಗೆ ಅದೇ ಡ್ರ್ಯಾಗನ್ಸ್, ಪಟ್ಟಿಯ ಮೊದಲ ಸ್ಥಾನದವರು. ಈಲ್ಸ್ 25–12ರಿಂದ ಗೆದ್ದರು! ಜರಿಡ್ ಹೇಯ್ನ್ ಎಂಬ ಫುಲ್‌ಬ್ಯಾಕ್ ಆ ವರ್ಷ ಏನು ಆಡಿದರೂ ನಡೆಯುತ್ತಿತ್ತು. ಗ್ರ್ಯಾಂಡ್ ಫೈನಲ್‌ವರೆಗೂ ಹೋಗಿ ಮೆಲ್ಬರ್ನ್ ಸ್ಟಾರ್ಮ್‌ಗೆ 16–23ರಿಂದ ಸೋತರು. ಮರುವರ್ಷ ಸ್ಟಾರ್ಮ್ ಆಟಗಾರರ ಸಂಬಳದ ಮಿತಿ ಮೀರಿದ್ದು ಹೊರಬಂದು ಆ ಕಪ್ ಕಿತ್ತುಕೊಂಡರು. ಈಲ್ಸ್‌ಗೇನೂ ಕೊಡಲಿಲ್ಲ. ದಾಖಲೆಯಲ್ಲಿ 2009ರ ಚಾಂಪಿಯನ್ ಜಾಗ ಇವತ್ತಿಗೂ ಖಾಲಿ. ಈ ವಿಷಯ ಎತ್ತಿದರೆ ಅಣ್ಣ ಫೋನ್ ಇಡುವುದಿಲ್ಲ, ಆದ್ದರಿಂದ ನಾವು ಎತ್ತುವುದಿಲ್ಲ.

2017ರಲ್ಲಿ ಇದೇ ಕಥೆ ಈಲ್ಸ್ ವಿರುದ್ಧ ತಿರುಗಿತು. ಅವರು ನಾಲ್ಕನೆಯವರು. ಎಂಟನೆಯ ಸ್ಥಾನಕ್ಕೆ ಬಂದ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಮ್ಮ ಬಲದಿಂದಷ್ಟೇ ಒಳಬಂದವರಲ್ಲ, ಕೊನೆಯ ವಾರ ಬುಲ್‌ಡಾಗ್ಸ್ ಡ್ರ್ಯಾಗನ್ಸನ್ನು ಸೋಲಿಸಿದ್ದರಿಂದ ಉಳಿದವರು. ನಾಯಕ ಜೊನಾಥನ್ ಥರ್ಸ್ಟನ್ ಗಾಯಗೊಂಡು ಹೊರಗೆ. ಹಾಗಿದ್ದೂ ಕ್ರೊನುಲ್ಲಾವನ್ನು ಹೆಚ್ಚುವರಿ ಸಮಯದಲ್ಲಿ 15–14ರಿಂದ ಸೋಲಿಸಿದರು, ಮುಂದಿನ ವಾರ ಈಲ್ಸನ್ನು 24–16ರಿಂದ ಮನೆಗೆ ಕಳಿಸಿದರು, ಗ್ರ್ಯಾಂಡ್ ಫೈನಲ್‌ವರೆಗೂ ಹೋದರು. ಅಲ್ಲಿ 6–34. "ಬಂದು ಏನು ಮಾಡ್ತೀವಿ" ಅನ್ನುವವರಿಗೆ ಆ 6–34 ಸಾಕ್ಷಿ. "ಬಂದ್ರೆ ಸಾಕು" ಅನ್ನುವವರಿಗೆ ಅದಕ್ಕೆ ಮುಂಚಿನ ಮೂರು ವಾರ ಸಾಕ್ಷಿ. ಒಂದೇ ಪುರಾವೆ ಎರಡೂ ಕಡೆ ವಾದಿಸುತ್ತದೆ.

ಹಾಗಾದರೆ ಗೊಣಗುವವರು ಏನನ್ನು ನೋಡಿ ಗೊಣಗಬೇಕು? ಅಂತರ ನೋಡಿ ಅಲ್ಲ ಎಂಬುದಕ್ಕೆ ನಮ್ಮ ಹತ್ತಿರ ಒಂದೇ ಒಂದು ಉದಾಹರಣೆ ಇದೆ, ಅದೂ ಅವರ ಮನೆಯದೇ. ಈಲ್ಸ್ ಕೊನೆಯ ಸಲ ಕಪ್ ಗೆದ್ದದ್ದು 1986ರಲ್ಲಿ, ಕ್ಯಾಂಟರ್ಬರಿ ವಿರುದ್ಧ. ಅಂಕ 4–2. ಎರಡು ತಂಡವೂ ಸೇರಿ ಇಡೀ ಆಟದಲ್ಲಿ ಒಂದು ಟ್ರೈ ಇಲ್ಲ. ಇವರದು ಎರಡು ಪೆನಾಲ್ಟಿ ಗೋಲು, ಅವರದು ಒಂದು, ಅಷ್ಟೇ. ಟ್ರೈ ಇಲ್ಲದೆ ಮುಗಿದ ಗ್ರ್ಯಾಂಡ್ ಫೈನಲ್ ಇದೊಂದೇ. ಇವತ್ತು ಇಂಥ ಆಟ ನಡೆದರೆ ಮುಖ್ಯಾಂಶಗಳ ವಿಡಿಯೊಗೆ ಏನು ಹಾಕುವುದು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ರೇ ಪ್ರೈಸ್, ಮಿಕ್ ಕ್ರೊನಿನ್ ಎಂಬ ದಿಗ್ಗಜರಿಗೆ ಅದೇ ಕೊನೆಯ ಆಟ. ಪ್ಯಾರಮಟ್ಟಾದಲ್ಲಿ ಆ 4–2 ಅನ್ನು ಕೆಟ್ಟ ಗೆಲುವು ಅಂದು ನೋಡಿ!

ಅದು ಕೆಟ್ಟ ಗೆಲುವಲ್ಲ, ನಿಜ. ಎಂಬತ್ತು ನಿಮಿಷ ಕ್ಯಾಂಟರ್ಬರಿಯಂಥ ತಂಡಕ್ಕೆ ಗೆರೆ ದಾಟಲು ಬಿಡದಿರುವುದು ಸುಮ್ಮನೆ ಆಗುವ ಕೆಲಸವಲ್ಲ. ಎರಡೇ ವರ್ಷ ಹಿಂದೆ, 1984ರಲ್ಲಿ, ಇದೇ ಕ್ಯಾಂಟರ್ಬರಿಗೆ ಇದೇ ಈಲ್ಸ್ 4–6ರಿಂದ ಗ್ರ್ಯಾಂಡ್ ಫೈನಲ್ ಸೋತಿದ್ದರು. ಇಬ್ಬರೂ ಗೋಡೆ ಕಟ್ಟಿಕೊಂಡು ಆಡುವವರು. ಅಂತರ ಚಿಕ್ಕದಿದ್ದರೂ ತಂಡ ತಾನೇ ದುಡಿದು ಗೆದ್ದದ್ದು ಒಂದು ಬಗೆ. ಎದುರಾಳಿ ಐದನೇ ಟ್ಯಾಕಲ್‌ನಲ್ಲಿ ಬಾಲ್ ಕೈಬಿಟ್ಟು, ರೆಫ್ರಿ ವಿಸಿಲ್ ಊದಿ, ಕಡೇ ನಿಮಿಷದ ಅವರ ಕಿಕ್ ಕಂಬಕ್ಕೆ ಬಡಿದು ಗೆದ್ದದ್ದು ಇನ್ನೊಂದು ಬಗೆ. ಪಟ್ಟಿಯಲ್ಲಿ ಎರಡಕ್ಕೂ 2 ಅಂಕ. ಸ್ಟೇಡಿಯಂನಲ್ಲಿ ಕೂತವರಿಗೆ ಮಾತ್ರ ಯಾವುದು ಯಾವುದೆಂದು ಗೊತ್ತಿರುತ್ತದೆ. ಗೊಣಗುವವರ ಕೆಲಸ ಈ ವ್ಯತ್ಯಾಸ ಹಿಡಿಯುವುದು. ಅವರಲ್ಲಿ ಅರ್ಧ ಜನ ಈ ಕೆಲಸ ಬಿಟ್ಟು, 30 ಅಂಕದಿಂದ ಗೆಲ್ಲಲಿಲ್ಲ ಅಂತಷ್ಟೇ ಅಳುತ್ತಾರೆ. ಅವರ ಪರವಾಗಿ ನಾವಿಲ್ಲ.

ನಮಗೆ ಸಿಟ್ಟು ಬರುವುದು ಇನ್ನೊಂದು ಮಾತಿಗೆ. "ಗೆದ್ದಾಗಲೂ ತಪ್ಪು ಹುಡುಕ್ತಾನೆ, ಇವನು ನಿಜವಾದ ಅಭಿಮಾನಿ ಅಲ್ಲ." ಸಿಡ್ನಿಯಲ್ಲೂ ಇದೇ, ಬೆಂಗಳೂರಿನಲ್ಲೂ ಇದೇ. ಸುಮಾರು ನಲವತ್ತು ವರ್ಷ ಕಪ್ ಇಲ್ಲದ ತಂಡಕ್ಕೆ ಟಿಕೆಟ್ ಕೊಂಡು, ಚಳಿಗಾಲದ ರಾತ್ರಿ ಹೋಗಿ ಕೂತು, ಮೊಮ್ಮಕ್ಕಳಿಗೂ ನೀಲಿ-ಹಳದಿ ಜೆರ್ಸಿ ತೊಡಿಸಿ ಕರೆದುಕೊಂಡು ಹೋಗುವವರಿಗೆ ಈ ಮಾತು ಹೇಳುವುದಾ? ತಂಡ ತನ್ನದಲ್ಲ ಅಂದುಕೊಂಡವನು ಎರಡು ಅಂಕ ನೋಡಿ ಟಿವಿ ಆಫ್ ಮಾಡುತ್ತಾನೆ. ಮೂರನೇ ಟ್ಯಾಕಲ್‌ನಲ್ಲಿ ಎಡಗಡೆ ಯಾರು ನಿಂತಿರಲಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಹೇಳುವವನಿಗೆ ಬೇರೆ ಕೆಲಸ ಇಲ್ಲ ಅಂತ ಬೇಕಾದರೆ ಅನ್ನಿ, ಅಭಿಮಾನ ಇಲ್ಲ ಅನ್ನಬೇಡಿ.

ಖುಷಿಪಡುವವರಿಗೂ ಒಂದು ಮಾತು ಬಿಟ್ಟುಕೊಡುತ್ತೇವೆ. 2025ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ನಾಲ್ಕನೆಯವರಾಗಿ ಬಂದು ಕ್ಯಾನ್ಬೆರಾವನ್ನು 29–28, ಪೆನ್ರಿತ್‌ ಅನ್ನು 16–14, ಕೊನೆಗೆ ಮೆಲ್ಬರ್ನನ್ನು 26–22 ಅಂತ ಸೋಲಿಸಿ ಕಪ್ ಎತ್ತಿದರು. ಮೂರು ಆಟದ ಅಂತರ ಒಟ್ಟು ಸೇರಿಸಿದರೂ 7. ಕ್ಯಾನ್ಬೆರಾ ಪಟ್ಟಿಯ ಮೊದಲಿಗರು, ಮುಂದಿನ ವಾರವೂ ಸೋತು ಹೊರಗೆ ಹೋದರು. ಆ ಏಳು ಅಂಕದ ಬಗ್ಗೆ ಬ್ರಿಸ್ಬೇನ್‌ನಲ್ಲಿ ಗೊಣಗಿದವರನ್ನು ನಾವಂತೂ ಕಾಣೆವು.

ಮುಂದಿನ ಸೀಸನ್ ಮಾರ್ಚ್ ಹೊತ್ತಿಗೆ ಶುರು. ಆಸಕ್ತಿ ಇದ್ದವರು ಸಂಘದ ಕೋಣೆಗೆ ಬನ್ನಿ. ಶುಕ್ರವಾರ ಮಧ್ಯಾಹ್ನ ಲ್ಯಾಬ್ ಇಲ್ಲದ ಬ್ರಾಂಚಿನವರಿಗೆ ಮೊದಲ ಆದ್ಯತೆ, ಏನು ನಡೆಯಿತು ಅಂತ ನಮಗೆ ಬಂದು ಹೇಳುವವರು ಬೇಕು.